ಸಿಪ್ಪೆ ಹಸಿರು, ಒಳಗೆ ಹಣ್ಣು

ಗುರುವಾರ ಸಂಜೆ ಫೋನ್ ಬರುತ್ತದೆ: "ಭಾನುವಾರಕ್ಕೆ ಆರು ಲೋಫ್ ಬೇಕಿತ್ತು." ಲೋಫ್ ಅಂದರೆ ನಾನು ಮಾರುವ, ಬ್ರೆಡ್ಡಿನ ಆಕಾರದ ಬಾಳೆಹಣ್ಣಿನ ಕೇಕ್. ಹೂಂ ಅಂದುಬಿಟ್ಟು ಅಂಗಡಿಗೆ ಓಡಿದರೆ ಅಲ್ಲಿ ನೇತಾಡುತ್ತಿರುವುದು ಎಸೆದರೆ ಗೋಡೆಯೇ ಬಿರುಕು ಬಿಡುವಂಥ ಪಚ್ಚಬಾಳೆ ಕಾಯಿ. ಪಕ್ಕದಲ್ಲಿ ಕಳಿತ ಏಲಕ್ಕಿ ಇರುತ್ತದೆ, ಕಿಲೋ ₹100 ಅನ್ನುತ್ತಾನೆ. ವರಮಹಾಲಕ್ಷ್ಮಿ ಹತ್ತಿರ ಬಂತೋ, ₹140. ನನ್ನ ಒಂದು ಲೋಫಿಗೆ ತಿರುಳೇ 350 ಗ್ರಾಂ ಬೇಕು. ಏಲಕ್ಕಿಯಲ್ಲಿ ಮಾಡಿದರೆ ಹಣ್ಣಿಗೇ ಹತ್ತಿರ ಹತ್ತಿರ ₹50, ಹಬ್ಬದಲ್ಲಿ ₹65. ಪಚ್ಚಬಾಳೆಯಲ್ಲಾದರೆ ಸಿಪ್ಪೆ ದಪ್ಪ ಅಂತ ಲೆಕ್ಕ ಹಾಕಿಕೊಂಡರೂ ₹20ರಲ್ಲಿ ಮುಗಿಯುತ್ತದೆ. ನಾನು ಲೋಫ್ ಮಾರುವುದು ₹320ಕ್ಕೆ. ಬೆಣ್ಣೆಯ ರೇಟು ನಿಮಗೂ ಗೊತ್ತಿದೆ, ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ.

ಮೈಸೂರಿನಲ್ಲಿ, ನಮ್ಮ ಮನೆಯ ಅಡುಗೆಮನೆಯಿಂದಲೇ, ಮೂರು ವರ್ಷದಿಂದ ಮಾರುತ್ತಿದ್ದೇನೆ. ವಾರಕ್ಕೆ ಹತ್ತು ಹನ್ನೆರಡು ಲೋಫ್. ಕೇಕ್ ಕೆಟ್ಟದ್ದು ಕಡಿಮೆ. ಕಾಡಿದ್ದೆಲ್ಲ ಹಣ್ಣು.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಿಪ್ಪೆ ಸಮೇತ ಓವನ್ನಿಗೆ, 150 ಡಿಗ್ರಿ, ಅರ್ಧ ಗಂಟೆ. ಇದ್ದಿಲಿನಂತೆ ಕಪ್ಪಾಗಿ ಹೊರಗೆ ಬರುತ್ತದೆ, ಒತ್ತಿದರೆ ಪಿಚಕ್ ಅನ್ನುತ್ತದೆ, ನೋಡಿದವರು ಭೇಷ್ ಅನ್ನಬೇಕು. ಸ್ವಲ್ಪ ಹಳದಿ ತಿರುಗಿದ ಹಣ್ಣಾದರೆ ಹೇಗೋ ನಡೆಯುತ್ತದೆ. ದೋರಗಾಯಿ, ಅಂದರೆ ಅರೆಮಾಗಿದ್ದು, ಇಟ್ಟರೆ ಮಾತ್ರ ಆಗುವುದು ಬೇಯಿಸಿದ ಬಾಳೆಕಾಯಿ, ಅಷ್ಟೇ. ಅದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡಬಹುದು. ನಾನು ಕೇಕ್ ಮಾಡಿದೆ. ಸಪ್ಪೆ, ಮೇಲೆ ನಾಲಿಗೆಗೆ ಹಿಡಿಯುವ ಒಗರು. ಎರಡು ಲೋಫಿನ ದುಡ್ಡು ವಾಪಸ್ ಕೊಟ್ಟೆ. ನಮ್ಮ ಬೇಕಿಂಗ್ ಗೆಳತಿಯರು ಮಾತ್ರ ಈಗಲೂ ಆ ಓವನ್ನಿನ ಉಪಾಯದ ಮೇಲೆ ಆಣೆ ಇಡುತ್ತಾರೆ. ಫ್ರೀಜರ್ ಗುಂಪಿನವರೂ ಅಷ್ಟೇ. ಸಿಪ್ಪೆ ಕಪ್ಪಾಗುತ್ತದೆ, ತಿರುಳು ನೀರಾಗುತ್ತದೆ, ಸಿಹಿ ಇದ್ದಷ್ಟೇ ಇರುತ್ತದೆ.

ವಾದ ಮಾಡಿ ಸಾಕಾಗಿ ಒಂದು ದಿನ ಮಗನ ಶಾಲೆಯ ಪ್ರಯೋಗ ನೆನಪಾಯಿತು: ಅಯೋಡಿನ್ ಬಿದ್ದರೆ ಪಿಷ್ಟ ಕಡುನೀಲಿ ಆಗುತ್ತದೆ. ಔಷಧಿ ಡಬ್ಬದಲ್ಲಿ ಅಯೋಡಿನ್ ಇರುವ ಬೆಟಾಡಿನ್ ಇತ್ತು. ಓವನ್ನಿನಲ್ಲಿ ಕಪ್ಪು ಮಾಡಿದ ಹಣ್ಣಿನ ಒಂದು ಬಿಲ್ಲೆ, ತಾನಾಗಿ ಕಳಿತು ಚುಕ್ಕೆ ಬಿದ್ದ ಹಣ್ಣಿನ ಒಂದು ಬಿಲ್ಲೆ, ಸ್ಟೀಲ್ ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟು ಎರಡೆರಡು ಹನಿ ಬಿಟ್ಟೆ. ಓವನ್ನಿನದು ಕಣ್ಣೆದುರೇ ಮಸಿ ಚೆಲ್ಲಿದಂತೆ ಕಡುನೀಲಿ ಆಯಿತು, ಅಂಚಿನಿಂದ ನಡುವಿನವರೆಗೂ. ಕಳಿತದ್ದು ಕಂದುಬಣ್ಣದಲ್ಲೇ ಉಳಿಯಿತು, ಬೀಜದ ಗುರುತಿನ ಸುತ್ತ ಸ್ವಲ್ಪ ಕರಿ ಅಷ್ಟೇ. ಓವನ್ನಿನದರಲ್ಲಿ ಪಿಷ್ಟ ಪಿಷ್ಟವಾಗೇ ಕೂತಿದೆ ಅಂತ ಆ ನೀಲಿ ಹೇಳುತ್ತಿತ್ತು. ಬಲಿತ ಕಾಯಿಯಲ್ಲಿ ಪಿಷ್ಟ ನೂರಕ್ಕೆ 20ರ ಆಸುಪಾಸು ಇರುತ್ತದೆ, ಕಳಿಯುವ ಹೊತ್ತಿಗೆ ಒಂದೆರಡಕ್ಕೆ ಇಳಿದು ಮಿಕ್ಕಿದ್ದೆಲ್ಲ ಸಕ್ಕರೆಯಾಗಿರುತ್ತದೆ. ಆ ಕೆಲಸಕ್ಕೆ ಕಾಯಿಗೆ ಜೀವ ಇರಬೇಕು. ಬೇಯಿಸಿ ಕೊಂದಮೇಲೆ ಮಾಗುವುದೆಲ್ಲಿಂದ? ಗೆಳತಿಯರಿಗೆ ಫೋಟೊ ಕಳಿಸಿದೆ. "ನಿಮ್ಮ ಓವನ್ ಸರಿಯಿಲ್ಲ" ಅಂತ ಉತ್ತರ ಬಂತು.

ಸರಿ, ಅಡೆ ಹಾಕೋಣ ಅಂತ ಹೊರಟೆ. ಅತ್ತೆಯ ಪ್ರಕಾರ ಅಕ್ಕಿ ಡಬ್ಬವೇ ಸರ್ವೌಷಧ. ಏಲಕ್ಕಿ ಚಿಪ್ಪು ಹೂತಿಟ್ಟರೆ ಮೂರನೇ ದಿನ ಚಿನ್ನದಂಥ ಹಣ್ಣು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಡಜನ್ ಪಚ್ಚಬಾಳೆ ಹೂಳಲು ಎಷ್ಟು ಅಕ್ಕಿ ಬೇಕು? ಹೂತೆ. ಅಡಿಯಲ್ಲಿದ್ದ ಒಂದು ಹಣ್ಣು ಒಡೆದದ್ದು ಗೊತ್ತೇ ಆಗಲಿಲ್ಲ. ಸೋನಾ ಮಸೂರಿ ಬೂಸ್ಟು ಹಿಡಿದು, ₹1,400 ಚಿಲ್ಲರೆ ಕೊಟ್ಟಿದ್ದ ಮೂಟೆಯಲ್ಲಿ ಅರ್ಧ ಹಸುವಿನ ಪಾಲಾಯಿತು. ಆ ವಾರ ಮನೆಯಲ್ಲಿ ಯಾರೂ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಹೊಗೆ. ನಮ್ಮ ಕಡೆ ತೆಂಗಿನ ನಾರಿನ ಹೊಗೆ ಕೊಟ್ಟು ಗೊನೆ ಹಣ್ಣು ಮಾಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಹೊಗೆಯಲ್ಲಿ ಎಥಿಲೀನ್ ಅನ್ನುವ ಅನಿಲ ಇರುತ್ತದೆ, ಕಾಯಿ ಮಾಗಿಸುವುದು ಅದೇ. ಬಾಡಿಗೆ ಮನೆಯಲ್ಲಿ ನಾರು ಸುಡುವುದೆಲ್ಲಿ? ಮೈಸೂರಲ್ಲಿ ಊದುಬತ್ತಿಗೇನು ಬರವೇ ಅಂತ ಪೆಟ್ಟಿಗೆಯೊಳಗೆ ಕಾಯಿ ಜೋಡಿಸಿ ನಾಲ್ಕು ಕಡ್ಡಿ ಹಚ್ಚಿಟ್ಟೆ. ಹಣ್ಣೇನೋ ಆಯಿತು. ಕೇಕ್ ತಿಂದ ಗಿರಾಕಿ ಫೋನ್ ಮಾಡಿ ಕೇಳಿದರು, "ಇದು ಯಾವ ದೇವಸ್ಥಾನದ ಪ್ರಸಾದ?" ಮಲ್ಲಿಗೆ ಪರಿಮಳದ ಕಡ್ಡಿಯಾಗಿತ್ತು.

ಇದೇ ಸಮಯದಲ್ಲಿ ಒಬ್ಬ ಪರಿಚಿತರು ಕಾರ್ಬೈಡ್ ಪೊಟ್ಟಣ ತಂದುಕೊಡುತ್ತೇನೆ ಅಂದರು. ಹಣ್ಣಿಗೆ ಕಾರ್ಬೈಡ್ ಹಾಕುವುದು ನಮ್ಮಲ್ಲಿ ಕಾನೂನುಬಾಹಿರ, 2011ರ ಆಹಾರ ಸುರಕ್ಷತಾ ನಿಯಮದಲ್ಲಿ ಸ್ಪಷ್ಟವಾಗಿದೆ. ಅದರಿಂದ ಬರುವ, ಕಾಯಿ ಮಾಗಿಸುವ ಅಸಿಟಿಲೀನ್ ಅನಿಲದ ಜತೆ ಆರ್ಸೆನಿಕ್, ಫಾಸ್ಫರಸ್ ಅಂಶವೂ ಬರುತ್ತದೆ. ಮಕ್ಕಳ ಟಿಫಿನ್ ಡಬ್ಬಿಗೆ ಹೋಗುವ ಕೇಕ್ ಇದು. ಪೊಟ್ಟಣವನ್ನು ಮನೆಯೊಳಗೆ ತರಬೇಡಿ ಅಂದೆ.

ಮಾರಲು ಶುರು ಮಾಡಿದ ಮೇಲೆ ಬಂದ ಎರಡನೇ ವರ್ಷದ ಏಪ್ರಿಲ್ ತಿಂಗಳು. ಎರಡು ಡಜನ್ ಪಚ್ಚಬಾಳೆಯನ್ನು ಪೇಪರಿನಲ್ಲಿ ಸುತ್ತಿ, ನಡುವೆ ಒಂದು ಕಳಿತ ಸೀಬೆಹಣ್ಣು ಇಟ್ಟು, ಮಹಡಿ ಮೇಲಿನ ಸಾಮಾನಿನ ಕೋಣೆಗೆ ಹಾಕಿದೆ. ಶೀಟಿನ ಚಾವಣಿ, ಒಳಗೆ ಸೆಕೆ. ಮೂರು ದಿನ ಬಿಟ್ಟು ಬಿಚ್ಚಿದರೆ ಹಾಕಿದ ಹಾಗೇ ಹಸಿರು. ಹೋಗಲಿ ಅಂತ ಎರಡು ಚಿಪ್ಪು ಎತ್ತಿ ಬೀದಿ ಕೊನೆಯ ಹಸುವಿಗೆ ಕೊಟ್ಟೆ. ಮನೆಗೆಲಸಕ್ಕೆ ಬರುವಾಕೆ ಮಿಕ್ಕಿದ್ದರಲ್ಲಿ ಒಂದು ಮುರಿದು ಬಾಯಿಗೆ ಹಾಕಿಕೊಂಡು, "ಅಕ್ಕಾ, ಹಣ್ಣಾಗೈತಲ್ಲ!" ಅಂದಳು. ಸಿಪ್ಪೆ ಪಾಚಿಬಣ್ಣ, ಒಳಗೆ ಬೆಣ್ಣೆ. ಬೆಟಾಡಿನ್ ಹಾಕಿದೆ, ಹೆಚ್ಚೇನೂ ಕಪ್ಪಾಗಲಿಲ್ಲ. ಹಸು ಅಷ್ಟರಲ್ಲಿ ಎರಡೂ ಚಿಪ್ಪು ಮುಗಿಸಿತ್ತು.

ಆಗ ತಲೆಗೆ ಹೊಳೆಯಿತು, ಹೆಸರಲ್ಲೇ ಇದೆಯಲ್ಲ, ಪಚ್ಚಬಾಳೆ ಅಂತ! ಸೆಕೆಯಲ್ಲಿ, ಅಂದಾಜು 25 ಡಿಗ್ರಿ ದಾಟಿದ ಮೇಲೆ, ಈ ಜಾತಿ ಮಾಗಿದರೂ ಸಿಪ್ಪೆಯ ಹಸಿರು ಪೂರ್ತಿ ಬಿಡುವುದಿಲ್ಲ. ಅಂಗಡಿಯಲ್ಲಿ ಹಳದಿ ಕಾಣುವುದು 16-18 ಡಿಗ್ರಿಯ ತಣ್ಣನೆ ಕೋಣೆಯಲ್ಲಿ ಎಥಿಲೀನ್ ಕೊಟ್ಟು ಮಾಗಿಸುವುದರಿಂದ. ಮಾರುವವನಿಗೆ ಆ ಹಳದಿ ಬೇಕು, ನನಗ್ಯಾಕೆ? ನನ್ನ ಗಿರಾಕಿ ಸಿಪ್ಪೆ ಮುಖ ನೋಡುವುದೇ ಇಲ್ಲ. ಒಂದು ವರ್ಷ ಓವನ್ನಿನಲ್ಲಿ ಹೊರಗೆ ಕಪ್ಪು ಒಳಗೆ ಕಾಯಿ ಮಾಡಿದ್ದೆ, ಈಗ ಹೊರಗೆ ಕಾಯಿ ಒಳಗೆ ಹಣ್ಣು ಸಿಕ್ಕಿತ್ತು.

ಸಾಮಾನಿನ ಕೋಣೆಯ ಸೆಕೆಯನ್ನು ಪೆಟ್ಟಿಗೆಗೆ ಇಳಿಸಲು ನಾಲ್ಕೈದು ತಿಂಗಳು ಹಿಡಿಯಿತು. ಐಸ್‌ಕ್ರೀಮ್ ಅಂಗಡಿಯವರು ಎಸೆದ ಥರ್ಮೋಕೋಲ್ ಪೆಟ್ಟಿಗೆ, ಬಿಟ್ಟಿ. ₹250ರ ಥರ್ಮಾಮೀಟರ್. ಒಂದು ಲೀಟರಿನ ಸ್ಟೀಲ್ ಬಾಟಲಿಯಲ್ಲಿ ಬಿಸಿನೀರು, ಬಟ್ಟೆ ಸುತ್ತಿ ಒಂದು ಮೂಲೆಗೆ, ಹಣ್ಣಿಗೆ ತಾಗದ ಹಾಗೆ. ಬೆಳಿಗ್ಗೆ ರಾತ್ರಿ ನೀರು ಬದಲು. ಒಳಗೆ 28-30 ಡಿಗ್ರಿ ಇದ್ದರೆ ನನಗೆ ಸಮಾಧಾನ. ಬೇಗ ಆಗಲಿ ಅಂತ ಒಂದು ಸಲ 38ಕ್ಕೆ ಏರಿಸಿದೆ. ತಿರುಳು ಮೆತ್ತಗಾಯಿತೇ ಹೊರತು ಘಮ ಬರಲಿಲ್ಲ, ಏನೋ ಹುಳಿ ವಾಸನೆ. ಮಾಗಿಸುವ ಗ್ಯಾಸಿಗೆ, ಅಂದರೆ ಎಥಿಲೀನಿಗೆ, ಕಳಿತ ಸೀಬೆ, ಇಲ್ಲದಿದ್ದರೆ ಚುಕ್ಕೆ ಬಿದ್ದ ಎರಡು ಏಲಕ್ಕಿ. ಇನ್ನೂ ಒಂದು ಸಾಮಾನು ಇಡುತ್ತೇನೆ. ಅದು ನಮ್ಮ ಮನೆಯ ಗುಟ್ಟು, ಕೇಳಬೇಡಿ. ಅದಿಲ್ಲದೆಯೂ ಆಗುತ್ತದೆ, ಅರ್ಧ ದಿನ ಜಾಸ್ತಿ ಹಿಡಿಯುತ್ತದೆ.

ಗ್ಯಾಸು ಹೊರಗೆ ಹೋದೀತೆಂದು ಮೊದಲ ಸಲ ಮುಚ್ಚಳಕ್ಕೆ ಸುತ್ತ ಟೇಪ್ ಅಂಟಿಸಿದ್ದೆ. ಇದೇ ನಾನು ಮಾಡಿದ ದೊಡ್ಡ ತಪ್ಪು. ಎರಡು ದಿನ ಬಿಟ್ಟು ತೆಗೆದರೆ ಹೆಂಡದಂಗಡಿ ವಾಸನೆ, ಕಾಯಿ ಇನ್ನೂ ಗಟ್ಟಿ, ಮುಚ್ಚಳದ ಒಳಗೆಲ್ಲ ನೀರಹನಿ. ಕಾಯಿಯೂ ಉಸಿರಾಡುತ್ತದೆ. ಅದು ಬಿಟ್ಟ ಉಸಿರು ಒಳಗೇ ತುಂಬಿದರೆ ಮಾಗುವುದು ನಿಲ್ಲುತ್ತದೆ. ಈಗ ಟೇಪ್ ಇಲ್ಲ. ದಿನಕ್ಕೆ ಎರಡು ಸಲ, ನೀರು ಬದಲಿಸುವಾಗಲೇ, ಐದು ನಿಮಿಷ ಮುಚ್ಚಳ ತೆಗೆದಿಡುತ್ತೇನೆ. ಅಡಿಗೆ ನ್ಯೂಸ್‌ಪೇಪರ್, ಒದ್ದೆಯಾದರೆ ಬದಲು.

ಬಲಿತ ಪಚ್ಚಬಾಳೆ ಕಾಯಿ ಹೊರಗಿಟ್ಟರೆ ಆರೇಳು ದಿನ. ಪೆಟ್ಟಿಗೆಯಲ್ಲಿ ಮೂರನೇ ದಿನ ಸಂಜೆ ಅಥವಾ ನಾಲ್ಕನೇ ಬೆಳಿಗ್ಗೆ. ದೋರಗಾಯಿಯಾದರೆ ಒಂದು ರಾತ್ರಿ, ಒಂದು ಹಗಲು. ಬಣ್ಣ ನೋಡಿ ತಿಳಿಯುವಂತಿಲ್ಲವಲ್ಲ, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ. ಹೊಟ್ಟೆ ಭಾಗ ಬೇಗ ಮೆತ್ತಗಾಗುತ್ತದೆ, ಅದನ್ನು ನಂಬಬೇಡಿ. ತೊಟ್ಟು ಬಗ್ಗಿದರೆ ಮಾತ್ರ ನಂಬಿ. ಮುಚ್ಚಳ ತೆಗೆದ ತಕ್ಷಣ ಮೂಗಿಗೆ ಹೊಡೆಯುವ ಘಮವೂ ಸುಳ್ಳು ಹೇಳುವುದಿಲ್ಲ. ಏಲಕ್ಕಿಯನ್ನೂ ಇದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಅದು ಸೆಕೆಯಲ್ಲೂ ಹಳದಿಯೇ ಆಗುತ್ತದೆ. ನಂಜನಗೂಡು ರಸಬಾಳೆ ಇಟ್ಟಿಲ್ಲ, ಇಡುವುದೂ ಇಲ್ಲ. ಸೊರಗು ರೋಗಕ್ಕೆ ಸಿಕ್ಕಿ ಅಳಿದುಳಿದಿರುವ ಹಣ್ಣನ್ನು ಮೈದಾದಲ್ಲಿ ಕಲಸುವುದು ಪಾಪ.

ಕಾಯಿ ಬಲಿತಿರಬೇಕು, ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ. ಕಾಯಿಯ ಉದ್ದಕ್ಕೂ ಇರುವ ಏಣು ಚೂಪಾಗಿದ್ದರೆ ಎಳಸು, ಗುಂಡಗಾಗಿದ್ದರೆ ಬಲಿತದ್ದು. ಒಬ್ಬ ವ್ಯಾಪಾರಿ ₹450ಕ್ಕೆ ಇಡೀ ಗೊನೆ ಅಗ್ಗ ಅಂತ ಕಟ್ಟಿಬಿಟ್ಟ, ಏಣೆಲ್ಲ ಕತ್ತಿಯಂತಿತ್ತು, ನಾನು ಅವಸರದಲ್ಲಿ ನೋಡಲಿಲ್ಲ. ಆರು ದಿನ ಪೆಟ್ಟಿಗೆಯಲ್ಲಿ ಬಿಸಿನೀರು ಬದಲಿಸಿದ್ದೇ ಬಂತು, ಸುಕ್ಕಾಯಿತು, ಹಣ್ಣಾಗಲಿಲ್ಲ. ಫ್ರಿಜ್ಜಿಗೆ ಹೋಗಿ ಬಂದ ಕಾಯಿಯ ಕಥೆಯೂ ಅದೇ. 13 ಡಿಗ್ರಿಗಿಂತ ಕೆಳಗೆ ಒಮ್ಮೆ ಇಳಿಸಿದರೆ ಸಿಪ್ಪೆ ಬೂದಿಬಣ್ಣಕ್ಕೆ ತಿರುಗುತ್ತದೆ, ಒಳಗೆ ಸರಿಯಾಗಿ ಮಾಗುವುದಿಲ್ಲ. ಕೆನಡಾದಲ್ಲಿರುವ ನನ್ನ ತಂಗಿ ಚಳಿಗಾಲದಲ್ಲಿ ಓವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿ ಕಾಯಿಯನ್ನು ಒಳಗಿಡುತ್ತಾಳೆ. ಅವಳ ಓವನ್ನಿಗೆ ನಾನು ಕೊಡುವ ಮರ್ಯಾದೆ ಇಷ್ಟೇ.

ಇನ್ನೊಂದು ಪ್ರಯೋಗ, ಪೆಟ್ಟಿಗೆಗೆ ನೇರ ಸಂಬಂಧವಿಲ್ಲದಿದ್ದರೂ ಹೇಳಲೇಬೇಕು. ಮೊಟ್ಟೆ ತಿನ್ನುವವರು ಅರೆಗಾಯಿ ತಿರುಳಿಗೆ ಹಸಿ ಹಳದಿ ಲೋಳೆ ಬೆರೆಸಿ ಅರ್ಧ ಗಂಟೆ ಬಿಡುತ್ತಾರೆ. ಅದರಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದಂತೆ ಅಂತ. ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಮೊಟ್ಟೆ ಬೇಡ ಅನ್ನುವವರು. ಆ ಕಿಣ್ವ ಮೊಳಕೆ ರಾಗಿಯಲ್ಲೂ ಇದೆಯಲ್ಲ ಅನ್ನಿಸಿತು. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿಯದೆ ಬೀಸಿದ ಹಿಟ್ಟು. ಹುರಿದರೆ ಕಿಣ್ವ ಸತ್ತುಹೋಗುತ್ತದೆ. ದೋರಗಾಯಿಯನ್ನು ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ ಮಸೆದೆ, 60 ಡಿಗ್ರಿಯ ಸುತ್ತಮುತ್ತ ಇಳಿದಾಗ ಒಂದು ಚಮಚ ಹಿಟ್ಟು ಕಲಸಿ, ಬಟ್ಟೆ ಸುತ್ತಿ ಒಂದು ಗಂಟೆ ಇಟ್ಟೆ. ಸೌಟು ನಿಲ್ಲುವಷ್ಟು ಗಟ್ಟಿ ಇದ್ದದ್ದು ಅಂಬಲಿಯಂತೆ ಹರಿಯತೊಡಗಿತ್ತು. ಬೆರಳದ್ದಿ ನೆಕ್ಕಿದರೆ ಸಿಹಿ! ಆದರೆ ಬಾಳೆಹಣ್ಣಿನ ಘಮ ಒಂದಿಷ್ಟೂ ಇಲ್ಲ. ಪೂರ್ತಿ ಅದರಲ್ಲೇ ಮಾಡಿದ ಲೋಫ್ ಸಿಹಿ ಗೆಣಸಿನ ಕೇಕಿನ ಹಾಗೆ ಬಂತು. ಹಣ್ಣು ಕಡಿಮೆ ಬಿದ್ದ ದಿನ ಕಾಲು ಭಾಗ ಇದನ್ನು ಸೇರಿಸುತ್ತೇನೆ, ಯಾರೂ ಕಂಡುಹಿಡಿದಿಲ್ಲ. ಮಂಗಳೂರು ಬನ್ಸಿಗೂ ಒಂದು ಸಲ ಹಾಕಿದೆ, ಹಿಟ್ಟು ರಾತ್ರಿಯಿಡೀ ನೀರು ಬಿಟ್ಟು ಲಟ್ಟಿಸಲು ಬರದೆ ಕೊನೆಗೆ ಪಡ್ಡು ಮಣೆಗೆ ಹುಯ್ದೆ.

ಪೆಟ್ಟಿಗೆ ವಿಷಯ ಕೇಳಿ ನಂಬದವರೇ ಜಾಸ್ತಿ. "ಬಿಸಿಗಿಟ್ಟರೆ ಬೇಯುತ್ತೆ, ಮಾಗಲ್ಲ" ಅಂತ ಅತ್ತೆ. "ಹಸಿರು ಹಣ್ಣಿನ ಕೇಕ್ ಮಾರ್ತೀಯಾ?" ಅಂತ ಗೆಳತಿ. ಕಳೆದ ದಸರಾದಲ್ಲಿ, ಆಯುಧಪೂಜೆಗೆ ಊರಿನ ಹಳದಿ ಹಣ್ಣೆಲ್ಲ ಗಾಡಿ, ಅಂಗಡಿಗಳಿಗೆ ಹೋದಾಗ, ಐದು ದಿನದಲ್ಲಿ 31 ಲೋಫ್ ಕೊಟ್ಟೆ. ಓವನ್ನಿನ ಗೆಳತಿ ಆರ್ಡರ್ ವಾಪಸ್ ಮಾಡಿದ್ದರಲ್ಲಿ ನಾಲ್ಕು ನನಗೇ ಬಂದವು.

ಆಮೇಲೆ ಇನ್ನೊಂದು ಲಾಭ ಗಮನಕ್ಕೆ ಬಂತು. ಬೇಸಿಗೆಯಲ್ಲಿ ಅಂಗಡಿಯವರ ಬಳಿ ಹಸಿರಾಗಿಯೇ ಮೆತ್ತಗಾದ ಪಚ್ಚಬಾಳೆ ಉಳಿದುಹೋಗುತ್ತದೆ. ಕಾಯಿ ಅಂತ ಗಿರಾಕಿ ಮುಟ್ಟುವುದಿಲ್ಲ, ಎರಡು ದಿನ ಬಿಟ್ಟರೆ ಕೊಳೆಯುತ್ತದೆ ಅಂತ ಅಂಗಡಿಯವನಿಗೆ ತಲೆನೋವು. ನಾನು ಮುಖ ಸಿಂಡರಿಸಿಕೊಂಡು ಕಿಲೋ ₹12ಕ್ಕೆ ಎತ್ತಿಕೊಂಡು ಬರುತ್ತಿದ್ದೆ. ಹೆಚ್ಚಾದದ್ದನ್ನು ಮಸೆದು ನಿಂಬೆರಸ ಹಿಂಡಿ ಫ್ರೀಜರಿಗೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಹೋದ ವಾರ ಅವನ ಮಗಳ ಹುಟ್ಟುಹಬ್ಬಕ್ಕೆ ಒಂದು ಲೋಫ್ ಕೊಟ್ಟುಬಂದೆ, ಸುಮ್ಮನಿರಲಾರದೆ ಯಾವ ಹಣ್ಣಿನದು ಅಂತಲೂ ಹೇಳಿಬಿಟ್ಟೆ. ಈಗ ಅದೇ ಹಸಿರು ಹಣ್ಣಿಗೆ ₹30 ಕೇಳುತ್ತಿದ್ದಾನೆ.