ಮಾಳಿಗೆಯ ಜೀರುಂಡೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಳೆಯ ರ‍್ಯಾಕ್ ಸರ್ವರ್ (ಕಂಪನಿಗಳು ಕಪಾಟಿನಲ್ಲಿ ಜೋಡಿಸಿಡುವ ಚಪ್ಪಟೆ ಕಂಪ್ಯೂಟರ್) ಒಂದನ್ನು ಹದಿನೆಂಟು ಸಾವಿರದ ಆಸುಪಾಸಿಗೆ ತಂದೆ. ಅಂದಿನಿಂದ ತೀರ್ಥಹಳ್ಳಿಯ ನಮ್ಮ ಮಾಳಿಗೆಯಲ್ಲಿ ವರ್ಷವಿಡೀ ಜೀರುಂಡೆಯಂತೆ ಅದರ ಫ್ಯಾನ್‌ಗಳ ಕೂಗು. ಅಲ್ಲಿಯೇ ನನ್ನ ಕೆಲಸ: ಹಳೆಯ ಯಕ್ಷಗಾನ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು, ಆಗೀಗ ತಾಳಮದ್ದಲೆಯ ಅರ್ಥ ಧ್ವನಿಮುದ್ರಿಸಿಕೊಳ್ಳುವುದು. “ಗುಜರಿಗೆ ಹಾಕಿ ಭಾವ, ಇದು ಸುಮ್ಮನಾಗುವ ಜಾತಿಯಲ್ಲ” ಎಂದ ನನ್ನ ಭಾವಮೈದುನ.

ಮೊದಲು ಗೋಡೆಗೆ ಆರು ಸಾವಿರದ ಫೋಮ್ ಅಂಟಿಸಿದೆ. ಕೋಣೆಯ ಮಾರ್ದನಿ ಇಳಿಯಿತು, ಕೂಗು ಇಳಿಯಲಿಲ್ಲ. ಆಷಾಢದಲ್ಲಿ ಫೋಮಿಗೆ ಬೂಷ್ಟು ಹಿಡಿದು ಅದೂ ಹೊರಬಿತ್ತು. ಆಮೇಲೆ ಪ್ಲೈವುಡ್ ಪೆಟ್ಟಿಗೆ ಮಾಡಿಸಿ ಸಂದಿಯಿಲ್ಲದಂತೆ ಮುಚ್ಚಿದೆ. ಅರ್ಧ ಗಂಟೆಯೊಳಗೆ ಪ್ರೊಸೆಸರ್ ತೊಂಬತ್ತು ಡಿಗ್ರಿ ಮುಟ್ಟಿತು. ಫ್ಯಾನ್‌ಗಳು ಪ್ರಾಣ ಬಿಡುವಂತೆ ಅರಚಿದವು. ಬಡಗಿಗೆ ಕೊಟ್ಟ ನಾಲ್ಕು ಸಾವಿರ ನೀರಿಗೆ.

ಕೂಗುವುದನ್ನು ಮುಚ್ಚಿಡುವ ಬದಲು ಕೂಗದಂತೆ ಮಾಡಬೇಕೆಂದು ಆಗ ಹೊಳೆಯಿತು. ನಲವತ್ತು ಮಿಲಿಮೀಟರಿನ ಆರೂ ಫ್ಯಾನ್‌ ಕಿತ್ತೆ. ಸರ್ವರಿನ ಮುಚ್ಚಳ ಕತ್ತರಿಸಿ ನೂರಿಪ್ಪತ್ತರ ಮೂರು ಫ್ಯಾನ್‌ ಕೂರಿಸಿದೆ. ನಿಮಿಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಸುತ್ತುತ್ತಿದ್ದ ಕಡೆ ಈಗ ಒಂಬೈನೂರು ಸುತ್ತು. ಗಾಳಿ ಅತ್ತಿತ್ತ ಸೋರದೆ ಪ್ರೊಸೆಸರಿನ ಶಾಖ ಹೀರುವ ಹೀಟ್‌ಸಿಂಕಿನ ಮೇಲೆಯೇ ಬೀಳಬೇಕಲ್ಲ, ಅದಕ್ಕೆ ಅಡಕೆ ಹಾಳೆಯನ್ನು ನೆನೆಸಿ ಬಗ್ಗಿಸಿ ನಾಲ್ಕು ಮಾದರಿ ಮಾಡಿದೆ. ನಾಲ್ಕನೆಯದು ಸರಿಹೋಯಿತು; ಅದನ್ನೇ ತಗಡಿನಲ್ಲಿ ಮಾಡಿಸಿದೆ. ಫ್ಯಾನ್ ನಿಧಾನವಾದರೆ ಅದು ಕೆಟ್ಟಿತೆಂದು ಬಗೆದು ಮದರ್‌ಬೋರ್ಡ್ ಯಂತ್ರವನ್ನೇ ನಿಲ್ಲಿಸುತ್ತದೆ. ಫ್ಯಾನಿನ ವೇಗವನ್ನು ಅದಕ್ಕೆ ತಿಳಿಸುವ ಮೂರನೆಯ ತಂತಿಗೆ ನಾನು ಏನು ಮಾಡಿದೆ ಎಂಬುದು ನನ್ನಲ್ಲೇ ಇರಲಿ.

ಹಳೆಯ ಪೆಟ್ಟಿಗೆಯೂ ದಂಡವಾಗಲಿಲ್ಲ. ಗಾಳಿ ಎರಡು ತಿರುವು ದಾಟಿ ಹೋಗುವಂತೆ ಒಳಗೆ ಅಡ್ಡಹಲಗೆ ಹಾಕಿ, ಅಡಿಗೆ ಸ್ಕೂಟರ್ ಟ್ಯೂಬಿನ ತುಂಡು ಇಟ್ಟೆ. ಮೊಬೈಲಿನ ಅಳತೆ ನಂಬುವುದಾದರೆ ಅರವತ್ತೆಂಟು ಡೆಸಿಬೆಲ್ ಇದ್ದದ್ದು ನಲವತ್ತಕ್ಕೆ ಇಳಿದಿದೆ. ಎರಡನೆಯ ಸುತ್ತಿನ ಖರ್ಚು ಮೂರು ಸಾವಿರ ದಾಟಿಲ್ಲ. ಪೆಟ್ಟಿಗೆಯಿಂದ ಹೊರಬರುವ ಬೆಚ್ಚನೆಯ ಗಾಳಿಯ ಮುಂದೆ ಮೊಳ ದೂರದಲ್ಲಿ ಕ್ಯಾಸೆಟ್‌ಗಳ ಕಪಾಟು ಇಟ್ಟು ನೋಡಿದೆ: ಎರಡು ಮಳೆಗಾಲ ಕಳೆದರೂ ಒಂದು ಟೇಪಿಗೂ ಬೂಷ್ಟಿಲ್ಲ.

ಮೊನ್ನೆ ಭಾವಮೈದುನ ಬಂದವನು ಪೆಟ್ಟಿಗೆಗೆ ಕಿವಿಯಿಟ್ಟು, ತನ್ನ ಅಂಗಡಿಯದಕ್ಕೂ ಹೀಗೆ ಮಾಡಿಕೊಡಿ ಎಂದ. ತಗಡಿನ ಅಳತೆ ಕೊಟ್ಟೆ, ತಂತಿಯದು ಹೇಳಲಿಲ್ಲ. ಯು.ಪಿ.ಎಸ್. ಮಾತ್ರ ಇನ್ನೂ ಬಗ್ಗಿಲ್ಲ. ಕರೆಂಟು ಹೋದಾಗಲೆಲ್ಲ ಅರ್ಥಧಾರಿಯ ಮಾತಿನ ನಡುವೆ ಅದೂ ಬಾಯಿ ಹಾಕುತ್ತದೆ.