ಇಂಜಿನ್ ಕಾದ ಮೇಲೆ ಅಳೆಯಿರಿ

ಕಲಬುರಗಿಯಲ್ಲಿ ಏಪ್ರಿಲ್ ಕಾಲಿಟ್ಟಿತೆಂದರೆ ನನ್ನ ಅಂಗಡಿಗೆ ಬರುವ ದೂರು ಬಹುತೇಕ ಒಂದೇ: ಹೊಸ ಬ್ಯಾಟರಿ ಹಾಕಿಸಿದರೂ ಸೆಲ್ಫ್ ಹೊಡೆಯುತ್ತಿಲ್ಲ. ಬ್ಯಾಟರಿಯದ್ದು ಪಾಪ, ಯಾವ ತಪ್ಪೂ ಇರುವುದಿಲ್ಲ. ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಚಾರ್ಜಿಂಗ್ ದೋಷವನ್ನು ಬೆಳಗಿನ ತಂಪಿನಲ್ಲಿ ಹುಡುಕಿದರೆ ಎಷ್ಟೋ ಸಲ ಅದು ಸಿಗುವುದೇ ಇಲ್ಲ.

ಕಳೆದ ಮದುವೆ ಸೀಸನ್‌ನಲ್ಲಿ ಚಿತ್ತಾಪುರದ ಕಡೆಯಿಂದ ಬಾಡಿಗೆಯ ಡೀಸೆಲ್ ಜೀಪೊಂದು ಬಂದಿತು. 'ಬೆಳಿಗ್ಗೆ ಕುದುರೆಯ ಹಾಗೆ ಓಡುತ್ತದೆ ತಮ್ಮಾ, ಮಧ್ಯಾಹ್ನ ನಿಲ್ಲಿಸಿದರೆ ಮತ್ತೆ ತಳ್ಳಬೇಕು' ಎಂದರು ಮಾಲೀಕರು. ಬೇರೆ ಕಡೆ ಆಲ್ಟರ್ನೇಟರನ್ನೇ (ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಯಂತ್ರ) ಬದಲಿಸಲು ಹೇಳಿದ್ದರಂತೆ. 'ಬ್ಯಾಟರಿ ದೀಪ ಹತ್ತುತ್ತದೆಯೇ ಕಾಕಾ?' ಎಂದು ಕೇಳಿದೆ. ಓಡುವಾಗ ಒಮ್ಮೆಯೂ ಹತ್ತಿಲ್ಲ ಎಂದರು. ಆ ಉತ್ತರವನ್ನು ನೆನಪಿನಲ್ಲಿ ಇಟ್ಟುಕೊಂಡೆ.

ಮೊದಲು ಬ್ಯಾಟರಿ. ಓಡಿ ಬಂದ ಗಾಡಿಯಲ್ಲಿ ಮೀಟರ್ ಸುಳ್ಳು ಹೇಳುತ್ತದೆ. ಹಾಗಾಗಿ ಹೆಡ್‌ಲೈಟನ್ನು ಎರಡು ನಿಮಿಷ ಉರಿಸಿ ಆರಿಸಿ, ಸ್ವಲ್ಪ ಬಿಟ್ಟು ಅಳೆಯುತ್ತೇನೆ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಆಮೇಲೆ ಬೆಲ್ಟ್: ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದೇ ಲೆಕ್ಕ. ಇಲ್ಲಿ ಎರಡೂ ಸರಿ ಇದ್ದವು. ಇಂಜಿನ್ ಶುರು ಮಾಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ವೇಗ 2000 ಆರ್‌ಪಿಎಂಗೆ ಏರಿಸಿದಾಗ ಬ್ಯಾಟರಿಯ ಮೇಲೆ 14.2 ವೋಲ್ಟ್ ಬಂದಿತು. ಇಲ್ಲಿಗೇ ನಿಲ್ಲಿಸಿದರೆ 'ಆಲ್ಟರ್ನೇಟರ್ ಚೆನ್ನಾಗಿದೆ' ಎಂದು ಕಳುಹಿಸಿಬಿಡಬಹುದಿತ್ತು.

ಚಾರ್ಜ್ ಆಗುತ್ತಿರುವಾಗಲೇ ವಯರ್‌ಗಳನ್ನು ಪರೀಕ್ಷಿಸಿಕೊಂಡೆ. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಹಿಂದಿನ ದಪ್ಪ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ, ನಡುವೆ 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ವಯರ್ ಅಥವಾ ಅದರ ತುದಿಯ ಲಗ್ ತಿಂದುಹೋಗಿದೆ ಎಂದರ್ಥ. ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್‌ಗೂ ಹೀಗೆಯೇ, ಅಲ್ಲಿ 0.2ರ ಒಳಗಿರಬೇಕು. ಚಾರ್ಜ್ ನಿಂತ ಮೇಲೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ; ಕರೆಂಟ್ ಹರಿಯದಿದ್ದರೆ ಕೆಟ್ಟ ವಯರ್ ಕೂಡ ಸೊನ್ನೆ ತೋರಿಸುತ್ತದೆ. ಮೀಟರನ್ನು ಎಸಿಗೆ ತಿರುಗಿಸಿ, ಆಲ್ಟರ್ನೇಟರಿನ ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳನ್ನೂ ನೋಡಿದೆ, ಅರ್ಧ ವೋಲ್ಟ್ ದಾಟಿದರೆ ಮಾತ್ರ ಅನುಮಾನ. (ಅಗ್ಗದ ಕೆಲವು ಮೀಟರ್‌ಗಳು ಡಿಸಿಯನ್ನೇ ಎಸಿ ಎಂದು ತೋರಿಸಿ ಹೆದರಿಸುತ್ತವೆ. ಕಡ್ಡಿ ಅದಲುಬದಲು ಮಾಡಿದಾಗ ಅಂಕಿ ಬದಲಾದರೆ ಆ ಮೀಟರನ್ನು ಈ ಕೆಲಸಕ್ಕೆ ನಂಬಬೇಡಿ.)

ನಂತರ ಶಹಾಬಾದ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಬಾನೆಟ್ ಮುಚ್ಚಿ, ಬಿಸಿಲಿನಲ್ಲೇ ಇಂಜಿನ್ ಓಡಲು ಬಿಟ್ಟೆ. 14.2 ಇದ್ದದ್ದು 13.7ಕ್ಕೆ ಇಳಿಯಿತು. ಇದು ದೋಷವಲ್ಲ. ಬಿಸಿಯಲ್ಲಿ ಬ್ಯಾಟರಿ ಕುದಿಯಬಾರದೆಂದು ರೆಗ್ಯುಲೇಟರ್ ತಾನೇ ವೋಲ್ಟೇಜ್ ತಗ್ಗಿಸುತ್ತದೆ. ಇದನ್ನು ತಿಳಿಯದೆ ಒಳ್ಳೆಯ ರೆಗ್ಯುಲೇಟರ್‌ಗಳನ್ನು ಬಿಸಾಡಿದವರನ್ನು ನೋಡಿದ್ದೇನೆ. ಆದರೆ ಸ್ವಲ್ಪ ಹೊತ್ತಿಗೆ ಮೀಟರ್ ಒಮ್ಮೆಲೇ 12.3ಕ್ಕೆ ಬಿದ್ದು ಇನ್ನೂ ಇಳಿಯತೊಡಗಿತು. ಚಾರ್ಜ್ ನಿಂತರೆ ಎಚ್ಚರಿಸಬೇಕಾದ ದೀಪ ಹತ್ತಲೇ ಇಲ್ಲ.

ಇಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಮಾಡಿದೆ. ಆಗಲೂ ಬ್ಯಾಟರಿ ದೀಪ ಕತ್ತಲೆ. ಇಂಥ ಹಳೆಯ ಗಾಡಿಗಳಲ್ಲಿ, ಆಲ್ಟರ್ನೇಟರಿನೊಳಗೆ ತಿರುಗುವ ರೋಟರನ್ನು ಅಯಸ್ಕಾಂತವಾಗಿಸುವ ಫೀಲ್ಡ್ ಕಾಯಿಲ್‌ಗೆ ಮೊದಲ ಕರೆಂಟ್ ಹೋಗುವುದೇ ಈ ದೀಪದ ಮೂಲಕ. ಬೆಳಿಗ್ಗೆ ಕೀ ಹಾಕಿದಾಗ ಹತ್ತಿದ ದೀಪ ಈಗ ಹತ್ತಲಿಲ್ಲ ಎಂದರೆ ಬಲ್ಬ್ ಕೆಟ್ಟಿಲ್ಲ, ಕಾಯಿಲ್‌ನ ದಾರಿ ಎಲ್ಲೋ ತುಂಡಾಗಿದೆ. ಪುಲ್ಲಿಯ ನಟ್ಟಿನ ಬಳಿ ಸ್ಕ್ರೂಡ್ರೈವರ್ ಹಿಡಿದೆ; ಬೆಳಿಗ್ಗೆ ಇದ್ದ ಅಯಸ್ಕಾಂತದ ಸೆಳೆತ ಈಗಿರಲಿಲ್ಲ. ಉಳಿದದ್ದು ಕಾರ್ಬನ್ (ತಿರುಗುವ ರೋಟರಿಗೆ ಉಜ್ಜುತ್ತಾ ಕರೆಂಟ್ ಕೊಡುವ ತುಂಡು), ರೆಗ್ಯುಲೇಟರ್, ರೋಟರ್, ಈ ಮೂರೇ.

ಬಿಚ್ಚಿದಾಗ ಕೈಗೆ ಎಣ್ಣೆ ಮೆತ್ತಿತು. ಈ ಜೀಪಿನಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇದೆ. ಅದರ ಸೀಲ್ ಸೋರಿ, ಎಣ್ಣೆ ಮತ್ತು ದಾರಿಯ ಧೂಳು ಸೇರಿ ಕಾರ್ಬನ್ ಗೂಡಿನಲ್ಲಿ ಕೆಸರಾಗಿತ್ತು. ಸವೆದ ಒಂದು ಕಾರ್ಬನ್ ಅಲ್ಲೇ ಸಿಕ್ಕಿಕೊಂಡು, ಬಿಸಿಯಾದಾಗ ರೋಟರಿನ ಸ್ಲಿಪ್ ರಿಂಗನ್ನು ಮುಟ್ಟುತ್ತಿರಲಿಲ್ಲ. ಎರಡು ಸ್ಲಿಪ್ ರಿಂಗ್‌ಗಳ ನಡುವೆ ಸುಮಾರು 3 ಓಮ್, ರಿಂಗಿನಿಂದ ಶಾಫ್ಟಿಗೆ ಸಂಪರ್ಕವೇ ಇಲ್ಲ: ರೋಟರ್ ಚೆನ್ನಾಗಿಯೇ ಇತ್ತು. ಮೊದಲು ಸೀಲ್ ಬದಲಿಸಿದೆ, ಅದನ್ನು ಬಿಟ್ಟು ಬೇರೆಲ್ಲ ಮಾಡಿದರೆ ಮುಂದಿನ ಬೇಸಿಗೆಗೆ ಅದೇ ಗಾಡಿ ವಾಪಸ್. ಕಾರ್ಬನ್ ಮತ್ತು ರೆಗ್ಯುಲೇಟರ್ ಒಂದೇ ತುಂಡಾಗಿ ಬರುವುದರಿಂದ ಎರಡೂ ಹೊಸದಾದವು. ಮತ್ತೆ ಕಾಯಿಸಿ, ಬಾನೆಟ್ ಮುಚ್ಚಿ ನೋಡಿದಾಗ 13.7ರಲ್ಲೇ ನಿಂತಿತು.

ಇನ್ನೊಂದು ಮಾತು. ಇಂಜಿನ್ ಓಡುವಾಗ ಬ್ಯಾಟರಿಯ ಟರ್ಮಿನಲ್ ಎಳೆದು 'ಪರೀಕ್ಷೆ' ಮಾಡುವ ಹಳೆಯ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆ ಕ್ಷಣದಲ್ಲಿ ಚಿಮ್ಮುವ ವೋಲ್ಟೇಜ್‌ಗೆ ಒಳ್ಳೆಯ ರೆಗ್ಯುಲೇಟರ್, ಡಯೋಡ್ ಎರಡೂ ಸುಡಬಹುದು. ನನ್ನ ಹುಡುಗರು ಹಾಗೆ ಮಾಡಿದರೆ ಬೈಗುಳ ಖಾತ್ರಿ.

ಹೊಸ ಕಾರುಗಳ ವಿಷಯ ಬೇರೆ. ಹಲವು ಕಾರುಗಳಲ್ಲಿ ಇಂಜಿನ್ನಿನ ಕಂಪ್ಯೂಟರೇ ಚಾರ್ಜ್ ನಿರ್ಧರಿಸುತ್ತದೆ. ಬ್ಯಾಟರಿ ತುಂಬಿದ್ದಾಗ 12.8 ತೋರಿಸಿ, ಬ್ರೇಕ್ ಒತ್ತಿ ವೇಗ ತಗ್ಗಿಸುವಾಗ 14.8ಕ್ಕೆ ಏರುವುದೂ ಉಂಟು. ಅವುಗಳಲ್ಲಿ ಹೆಡ್‌ಲೈಟ್ ಹಾಕಿದಾಗ ವೋಲ್ಟೇಜ್ ಏರುತ್ತದೆಯೇ ಎಂದು ನೋಡುತ್ತೇನೆ. ಏರದಿದ್ದರೆ ಸ್ಪ್ಯಾನರ್ ಹಿಡಿಯುವ ಮೊದಲು ಆ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಚ್ಚುತ್ತೇನೆ.