ಅಮೈಲಾಯ್ಡ್ ಬೀಟಾದಲ್ಲಿ ಹಳೆಯ ಹೆಪ್ಪು ಉಳಿಯದಂತೆ: ನನ್ನ ಅನುಭವ

ಅಲ್ಜೈಮರ್ ಮಿದುಳಿನಲ್ಲಿ ಗಟ್ಟಿಯಾಗಿ ಕೂರುವ ಅಮೈಲಾಯ್ಡ್ ಬೀಟಾ 42 ಎಂಬ ಪೆಪ್ಟೈಡ್ (ಪುಟ್ಟ ಪ್ರೋಟೀನ್ ತುಣುಕು), ತಪ್ಪಾಗಿ ಮಡಚಿಕೊಂಡು ನಾರಾಗುವುದನ್ನು ಸಣ್ಣ ಕುಳಿಗಳ ಪ್ಲೇಟಿನಲ್ಲಿ ನೋಡುವುದು ಸುಲಭ. ನಾರು ಕಟ್ಟಿದಂತೆ ಹೊಳಪು ಏರುವುದನ್ನು ತೋರುವ ರೇಖೆ ಇಂದು ಬಂದಂತೆಯೇ ನಾಳೆಯೂ ಬರುವಂತೆ ಮಾಡುವುದು ಕಷ್ಟ. ಹೆಚ್ಚಿನ ಸಲ ತಂಟೆ ಮಾಡುವುದು ದ್ರಾವಣದಲ್ಲಿ ಮೊದಲೇ ಇದ್ದ ನಾರಿನ ಚೂರು. ಸರಿಯಾಗಿ ತೊಳೆಯದ ಮೊಸರಿನ ಪಾತ್ರೆಗೆ ಹಾಲು ಹೊಯ್ದರೆ ಏನಾಗುತ್ತದೋ ಅದೇ ಇಲ್ಲಿಯೂ.

ಕಾಸರಗೋಡಿನ ಮಳೆಗಾಲದಲ್ಲಿ ಎಡವಟ್ಟು ಫ್ರೀಜರಿನ ಬಾಗಿಲಲ್ಲೇ ಶುರು. ಮೈನಸ್ 20 ಡಿಗ್ರಿಯಿಂದ ತೆಗೆದ ಪೆಪ್ಟೈಡಿನ ಬಾಟಲಿಯನ್ನು ತಕ್ಷಣ ತೆರೆದರೆ ಪುಡಿ ತೇವ ಎಳೆದುಕೊಳ್ಳುತ್ತದೆ. ಸಿಲಿಕಾ ಜೆಲ್ ಡಬ್ಬಿಯಲ್ಲಿ ಅರ್ಧ ಗಂಟೆ ಇಟ್ಟೇ ಮುಚ್ಚಳ ತೆಗೆಯುತ್ತೇನೆ. 1 ಮಿಲಿಗ್ರಾಂ ಪುಡಿಗೆ 221 ಮೈಕ್ರೋಲೀಟರ್ ಹೆಕ್ಸಾಫ್ಲೋರೋಐಸೋಪ್ರೊಪನಾಲ್ ದ್ರಾವಕ, ಅಂದರೆ ಎಚ್‌ಎಫ್‌ಐಪಿ ಹಾಕಿದರೆ 1 ಮಿಲಿಮೋಲಾರ್. ಹಳೆಯ ಗಂಟು ಬಿಡಿಸುವುದು ಇದೇ. ಚರ್ಮ, ಕಣ್ಣು ಸುಡುತ್ತದೆ, ಫ್ಯೂಮ್ ಹುಡ್‌ನ ಹೊರಗೆ ಮುಟ್ಟಬೇಡಿ. 22 ಮೈಕ್ರೋಲೀಟರಿನಂತೆ ಹಂಚಿ ಒಣಗಿಸಿದರೆ ಟ್ಯೂಬಿನ ತಳದಲ್ಲಿ ಕಂಡೂ ಕಾಣದ ಪೊರೆ ಉಳಿಯುತ್ತದೆ.

ಪ್ರಯೋಗದ ದಿನ ಆ ಪೊರೆಗೆ 10 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 110 ಮೈಕ್ರೋಲೀಟರ್. ಸುಮಾರು 200 ಮೈಕ್ರೋಮೋಲಾರ್ ಆಗುತ್ತದೆ. ಒಂದು ನಿಮಿಷ ಸೋನಿಕೇಟರ್, ಬಳಿಕ 4 ಡಿಗ್ರಿಯಲ್ಲಿ ಹತ್ತು ನಿಮಿಷ ಪೂರ್ತಿ ವೇಗದ ಸೆಂಟ್ರಿಫ್ಯೂಜ್. ಮೇಲಿನ ಮುಕ್ಕಾಲು ಪಾಲನ್ನಷ್ಟೇ ತೆಗೆಯಿರಿ. ಕೊನೆಯ ಹನಿಗೆ ಆಸೆಪಟ್ಟರೆ ಹೆಪ್ಪೂ ಜೊತೆಗೆ ಬಂತು. ವೇಗದ ಸ್ಥಿರಾಂಕ ಲೆಕ್ಕಹಾಕುವವರಿಗೆ ಇಷ್ಟು ಸಾಲದು: ಕೆಲವೇ ಪೆಪ್ಟೈಡ್ ಸೇರಿ ಆದ ಸಣ್ಣ ಒಲಿಗೋಮರ್‌ಗಳು ಹೀಗೆ ಹೋಗುವುದಿಲ್ಲ, ಸೂಪರ್‌ಡೆಕ್ಸ್ 75 ಕಾಲಂ (ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ಕೊಳವೆ) ಬೇಕೇ ಬೇಕು.

ಸಾಂದ್ರತೆಗೆ ತೂಕವನ್ನು ನಂಬಬೇಡಿ, ಪುಡಿಯಲ್ಲಿ ಉಪ್ಪೂ ನೀರೂ ಇರುತ್ತವೆ. ಬೆಳಕಿನ ಹೀರಿಕೆಯಿಂದ ಅಳೆಯುವಾಗಲೂ ಎಚ್ಚರ: ಕ್ಷಾರದಲ್ಲಿ ಪೆಪ್ಟೈಡಿನೊಳಗಿನ ಟೈರೋಸಿನ್‌ನ ಹೀರಿಕೆ 293 ನ್ಯಾನೋಮೀಟರಿನತ್ತ ಸರಿಯುವುದರಿಂದ, 280ರಲ್ಲಿ ಅಳೆದು ಅಲ್ಲಿನ ಮಾಮೂಲಿ ಹೀರಿಕೆ ಗುಣಾಂಕ 1490ರಿಂದ ಭಾಗಿಸಿದರೆ ಲೆಕ್ಕ ತಪ್ಪುತ್ತದೆ.

ಪ್ಲೇಟು ಅಂಟದ ಮೇಲ್ಮೈಯದು, ಕಪ್ಪು, ತಳ ಮಾತ್ರ ಪಾರದರ್ಶಕ. ಪ್ರತಿ ಕುಳಿಗೆ 5 ಮೈಕ್ರೋಲೀಟರ್ ಪೆಪ್ಟೈಡ್, 95 ಮೈಕ್ರೋಲೀಟರ್ ಫಾಸ್ಫೇಟ್ ಬಫರ್, ಪಿಎಚ್ 7.4, ಅದರಲ್ಲಿ ನಾರಿಗೆ ಅಂಟಿದಾಗ ಹೊಳೆಯುವ ಬಣ್ಣ ಥಯೋಫ್ಲೇವಿನ್ ಟಿ. ಎಲ್ಲವನ್ನೂ ಮಂಜುಗಡ್ಡೆಯ ಮೇಲೆ ತುಂಬಿ, ಸೀಲ್ ಹಾಕಿ, 37 ಡಿಗ್ರಿಯಲ್ಲಿ 440 ನ್ಯಾನೋಮೀಟರಿನ ಬೆಳಕು ಕೊಟ್ಟು 480ರಲ್ಲಿ ಓದಿ. ಸೀಲಿನ ಕೆಳಗೆ ಹನಿ ಕೂರುವುದರಿಂದ ತಳದಿಂದಲೇ ಓದಬೇಕು. ಅಂಚಿನ ಕುಳಿಗಳು ಬೇಗ ಒಣಗುತ್ತವೆ, ಅವಕ್ಕೆ ಬರೀ ನೀರು. ಕಲಕುವುದಿದ್ದರೆ ಎಲ್ಲ ಸಲವೂ ಕಲಕಿ, ಇಲ್ಲವಾದರೆ ಒಮ್ಮೆಯೂ ಬೇಡ. ಅಲುಗಿದಷ್ಟೂ ನಾರು ಬೇಗ ಕಟ್ಟುತ್ತದೆ.

ಇನ್ನು ಅರಸಿನ. ಮರೆವಿಗೆ ಅದೇ ಮದ್ದು ಎನ್ನುವವರು ನಮ್ಮ ಕಡೆ ಬಹಳ. ಅರಸಿನದ ಹಳದಿ ಅಂಶವಾದ ಕರ್ಕ್ಯುಮಿನ್ ಹಾಕಿದ ಕೂಡಲೇ ಹೊಳಪು ಕುಸಿಯುವುದು ನಿಜ. ಆದರೆ ಅದು ತಾನೇ 425ರ ಆಸುಪಾಸಿನ ಬೆಳಕನ್ನು ನುಂಗುತ್ತದೆ. ಬಣ್ಣಕ್ಕೆ ಸಿಗಬೇಕಾದ ಬೆಳಕು ಸಿಗದಿದ್ದರೆ ನಾರು ಇದ್ದೂ ಹೊಳೆಯದು. ಪೂರ್ತಿ ಕಟ್ಟಿದ ನಾರಿಗೆ ಅದನ್ನು ಹಾಕಿ ನೋಡಿ. ಆಗಲೂ ಕ್ಷಣದಲ್ಲಿ ಹೊಳಪು ಇಳಿದರೆ ಆ ರೇಖೆಯನ್ನು ಪಕ್ಕಕ್ಕಿಟ್ಟು, ಸೆಂಟ್ರಿಫ್ಯೂಜ್ ಮಾಡಿ ಮೇಲೆ ಎಷ್ಟು ಪೆಪ್ಟೈಡ್ ಉಳಿದಿದೆ ಎಂದು ಅಳೆಯಿರಿ, ತಳಕ್ಕಿಳಿದದ್ದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ.